ಚಳಿಗೆ ಬೆನ್ನು ಹಾಕಿ ಉತ್ತರಕ್ಕೆ: ನಾಯಿಗಳಿದ್ದರೆ ಯಾವ ಗಾಡಿ, ಯಾವ ದಾರಿ?

ಚಳಿ ತಪ್ಪಿಸಿಕೊಳ್ಳಲು ಉತ್ತರಕ್ಕೆ ಹೋಗುತ್ತೇವೆ ಎಂದರೆ ತಿಪಟೂರಿನಲ್ಲಿರುವ ನನ್ನ ಅಕ್ಕನಿಗೆ ಇಂದಿಗೂ ನಗು. ಉತ್ತರ ಎಂದರೆ ಅವಳಿಗೆ ಕೇದಾರ, ಹಿಮ, ಮಂಗನ ಟೋಪಿ. ಮೆಲ್ಬರ್ನ್‌ನಲ್ಲಿ ಈ ಲೆಕ್ಕ ತಲೆಕೆಳಗು. ಇಲ್ಲಿ ನೆತ್ತಿಯ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಜೂನ್, ಜುಲೈ, ಆಗಸ್ಟ್ ಚಳಿಗಾಲ. ಮಧ್ಯಾಹ್ನ 14 ಡಿಗ್ರಿ ಮುಟ್ಟಿದರೆ ಅದೇ ಹೆಚ್ಚು. ಆ ಹೊತ್ತಿಗೆ ವಿಕ್ಟೋರಿಯದ ನಿವೃತ್ತರು ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಕಟ್ಟಿಕೊಂಡು ಕ್ವೀನ್ಸ್‌ಲ್ಯಾಂಡ್ ಕಡೆಗೋ ಡಾರ್ವಿನ್ ಕಡೆಗೋ ಹೊರಟುಬಿಡುತ್ತಾರೆ. ಇವರಿಗೆ ‘ಗ್ರೇ ನೊಮ್ಯಾಡ್’ ಎಂದು ಹೆಸರು, ತಲೆ ನರೆತ ಅಲೆಮಾರಿಗಳು. ನಾವೂ ಈಗ ಆ ಗುಂಪಿಗೆ ಸೇರಿದವರೇ. ತಲೆ ಮೊದಲೇ ನರೆತಿತ್ತು, ಅಲೆದಾಟ ಮಾತ್ರ ಹೊಸದು.

ನಮ್ಮ ಮನೆಯಲ್ಲಿ ಪುಟ್ಟಿ ಎಂಬ 34 ಕಿಲೋ ತೂಕದ ಲ್ಯಾಬ್ರಡಾರ್ ಇದ್ದಾಳೆ, ಭೀಮ ಎಂಬ 6 ಕಿಲೋ ತೂಕದ ಮಾಲ್ಟೀಸ್ ಮಿಶ್ರತಳಿಯವನಿದ್ದಾನೆ. ಹೆಸರಿಟ್ಟವರು ಮಕ್ಕಳು. ಮಕ್ಕಳು ಮನೆ ಬಿಟ್ಟು ಹೋಗಿದ್ದಾರೆ, ನಾಯಿಗಳು ಬಿಟ್ಟಿಲ್ಲ. ಇವೆರಡನ್ನೂ ಕರೆದುಕೊಂಡು ಮೂರು ಚಳಿಗಾಲ ಮೂರು ಬೇರೆ ದಾರಿಗಳಲ್ಲಿ ಉತ್ತರಕ್ಕೆ ಹೋಗಿ ಬಂದ ಮೇಲೆ, ಇಲ್ಲಿನ ಕನ್ನಡದ ಗೆಳೆಯರು ಕೇಳುವ ಪ್ರಶ್ನೆಗಳು ಒಂದೇ ಥರ: ಯಾವ ಗಾಡಿ ಕೊಳ್ಳಬೇಕು, ಯಾವ ದಾರಿ ಹಿಡಿಯಬೇಕು, ಎಲ್ಲಿ ತಂಗಬೇಕು. ನಾನು ತಿರುಗಿ ಕೇಳುವುದು ಒಂದನ್ನೇ. ನೋಡಬೇಕೆಂದು ಅಷ್ಟು ದೂರ ಹೋದ ಜಾಗವನ್ನು ನೀವು ನೋಡುತ್ತಿರುವಾಗ ನಾಯಿ ಎಲ್ಲಿರುತ್ತದೆ? ಇದಕ್ಕೆ ಉತ್ತರವಿಲ್ಲದೆ ಹೊರಟರೆ 3,000 ಕಿ.ಮೀ. ಹೋಗಿ ವಾಹನ ನಿಲ್ದಾಣದಲ್ಲಿ ಕುಳಿತು ಬರಬೇಕಾಗುತ್ತದೆ. ನಾನು ಕುಳಿತಿದ್ದೇನೆ.

ಕರೆದೊಯ್ಯುವುದೋ, ಬಿಟ್ಟು ಹೋಗುವುದೋ

ಎರಡು ವಾರದ ಪ್ರವಾಸವಾದರೆ ಬಿಟ್ಟು ಹೋಗಿ. ನಾಯಿಗಳನ್ನು ಇಟ್ಟುಕೊಳ್ಳುವ ಬೋರ್ಡಿಂಗ್ ಕೆನೆಲ್‌ಗಳು ಎಲ್ಲ ನಗರಗಳಲ್ಲೂ ಇವೆ. ಸಿ5 ಎಂಬ ಲಸಿಕೆಯ ದಾಖಲೆ ಕೇಳುತ್ತಾರೆ. (ಭಾರತದಿಂದ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ: ಆಸ್ಟ್ರೇಲಿಯದಲ್ಲಿ ರೇಬಿಸ್ ಇಲ್ಲ, ಹಾಗಾಗಿ ಇಲ್ಲಿಯ ನಾಯಿಗಳಿಗೆ ಮಾಮೂಲಾಗಿ ಹುಚ್ಚುನಾಯಿ ಲಸಿಕೆಯೂ ಇಲ್ಲ.) ಎರಡು ತಿಂಗಳು ಮೀರಿದರೆ ಕೆನೆಲ್ ಖರ್ಚು ಡೀಸೆಲ್ ಖರ್ಚಿನ ಜೊತೆ ಪೈಪೋಟಿಗೆ ಇಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಮುದಿ ನಾಯಿಯೊಂದು ಅಷ್ಟು ದಿನ ಬಾಗಿಲನ್ನೇ ನೋಡುತ್ತ ಕೂರುವುದನ್ನು ಊಹಿಸಿಕೊಂಡು ಸಮುದ್ರ ತೀರದಲ್ಲಿ ಕಾಫಿ ಕುಡಿಯಲು ಆಗುವುದಿಲ್ಲ. ಮನೆಯಲ್ಲೇ ಬಂದು ಇದ್ದು ನಾಯಿ ನೋಡಿಕೊಳ್ಳುವವರು ಸಿಕ್ಕರೆ ಅದು ಮೂರನೆಯ ಹಾದಿ. ನಮ್ಮಂಥವರಿಗೆ ಊರಿನಿಂದ ಅಪ್ಪ ಅಮ್ಮ ಬಂದಿರುವ ವರ್ಷ ಈ ಹಾದಿ ಸುಲಭ ಎಂದು ತೋರುತ್ತದೆ. ಆದರೆ ಎಪ್ಪತ್ತು ದಾಟಿದವರ ಕೈಗೆ 34 ಕಿಲೋ ಲ್ಯಾಬ್ರಡಾರ್‌ನ ಹಗ್ಗ ಕೊಟ್ಟು ಹೋಗಬೇಡಿ. ಇಲ್ಲಿಯ ಮರಗಳಲ್ಲಿರುವ ಬೆಕ್ಕಿನಷ್ಟು ದೊಡ್ಡ ಪ್ರಾಣಿ ಪೊಸಮ್ ಕಂಡರೆ ಎಳೆಯುವುದು ನಾಯಿ, ಬೀಳುವುದು ಅಪ್ಪ.

ಕರೆದೊಯ್ಯುವುದು ಎಂದು ತೀರ್ಮಾನಿಸಿದರೆ ಮಾತ್ರ ಮುಂದೆ ಓದಿ.

ಎಳೆಯುವ ಮನೆಯೋ, ಓಡುವ ಮನೆಯೋ

ಗಾಡಿಯಲ್ಲಿ ಆಯ್ಕೆ ಮೂರು: ಕಾರಿನ ಹಿಂದೆ ಎಳೆಯುವ ಕ್ಯಾರವಾನ್, ಎಂಜಿನ್ನೂ ಮನೆಯೂ ಒಂದೇ ಆಗಿರುವ ಮೋಟರ್‌ಹೋಮ್, ಬಿಚ್ಚಿದರೆ ಡೇರೆಯಾಗುವ ಕ್ಯಾಂಪರ್ ಟ್ರೇಲರ್.

ಮೊದಲ ನೋಟಕ್ಕೆ ನಾಯಿಯವರಿಗೆ ಮೋಟರ್‌ಹೋಮ್ ಹೇಳಿ ಮಾಡಿಸಿದಂತೆ ಕಾಣುತ್ತದೆ. ನಾಯಿಯ ಹಾಸಿಗೆ, ನೀರು ಎಲ್ಲ ಅಲ್ಲೇ. ನಿಲ್ಲಿಸಿದ ಕಡೆ ಮನೆ. ನಮ್ಮ ಗೆಳೆಯರೊಬ್ಬರದ್ದನ್ನು ಎರವಲು ಪಡೆದು ಒಂದು ವಾರ ಓಡಿಸಿ ನೋಡಿದ ಮೇಲೆ ನನಗೆ ಗೊತ್ತಾಗಿದ್ದು ಬೇರೆ. ಹಾಲು ತರಬೇಕೆಂದರೂ ಮನೆಯನ್ನೇ ಮಡಚಬೇಕು. ಚಪ್ಪರ ಸುತ್ತು, ವಿದ್ಯುತ್ ತಂತಿ ಬಿಚ್ಚು, ನೀರಿನ ಕೊಳವೆ ಬಿಚ್ಚು, ಪಾತ್ರೆ ಭದ್ರ ಮಾಡು. ರಾತ್ರಿ ಹತ್ತು ಗಂಟೆಗೆ ನಾಯಿ ವಾಂತಿ ಮಾಡತೊಡಗಿ ಪಶುವೈದ್ಯರ ಬಳಿ ಓಡಬೇಕಾದರೆ ಈ ಮಡಚುವ ಕೆಲಸ ಯಾರಿಗೆ ಬೇಕು? ಕ್ಯಾರವಾನ್ ಆದರೆ ಕಾರನ್ನು ಬಿಡಿಸಿಕೊಂಡು ಐದು ನಿಮಿಷದಲ್ಲಿ ಹೊರಡಬಹುದು. ನಾಯಿ ಇಲ್ಲದ ಇಬ್ಬರಿಗೆ ಮೋಟರ್‌ಹೋಮ್, ನಾಯಿ ಇದ್ದವರಿಗೆ ಕ್ಯಾರವಾನ್ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿಗೆಗೆ ನೋಡುವವರಿಗೆ ಇನ್ನೊಂದು ತೊಡಕು: ನಾಯಿ ಎಂದ ಕೂಡಲೇ ಬಾಡಿಗೆಯವರಲ್ಲಿ ಅನೇಕರು ಕೈ ಮುಗಿಯುತ್ತಾರೆ. ಮೊದಲೇ ಕೇಳಿ.

ಪರವಾನಗಿಯ ತಲೆನೋವು ಎರಡಕ್ಕೂ ಇಲ್ಲ. 4.5 ಟನ್ ಒಳಗಿನ ಮೋಟರ್‌ಹೋಮ್‌ಗೂ, ಕಾರಿನ ಹಿಂದಿನ ಕ್ಯಾರವಾನ್‌ಗೂ ಮಾಮೂಲಿ ಕಾರಿನ ಲೈಸೆನ್ಸ್ ಸಾಕು. ತಲೆನೋವು ಇರುವುದು ತೂಕದಲ್ಲಿ. ಕ್ಯಾರವಾನ್‌ನ ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಕಾರಿನ ಕೊಕ್ಕೆಯ ಮೇಲೆ ಕೂರುತ್ತದೆ, ಅದು ಕಾರಿನ ಹೊರೆಯ ಲೆಕ್ಕಕ್ಕೆ ಬರುತ್ತದೆ. ಅದರ ಮೇಲೆ ನಾವಿಬ್ಬರು, 40 ಕಿಲೋ ನಾಯಿ, 20 ಕಿಲೋ ನಾಯಿಯ ಆಹಾರ, ನೀರಿನ ಡಬ್ಬಗಳು. ನಮ್ಮವರು ರಾಗಿಹಿಟ್ಟು, ಸೋನಾ ಮಸೂರಿ, ಇಡ್ಲಿ ರವೆ ಎಂದು ಇನ್ನೊಂದು ಮೂಟೆ ಹೇರಿದ ವರ್ಷ ಸಾರ್ವಜನಿಕ ತೂಕದ ಕಟ್ಟೆಯ ಮೇಲೆ ನಿಲ್ಲಿಸಿದಾಗ ಕಾರಿನ ಮಿತಿಗೆ ಉಳಿದಿದ್ದು ಬರೀ 15 ಕಿಲೋ. ಹೊರಡುವ ಮುನ್ನ ನಾಯಿ ಸಮೇತ ತೂಕ ಮಾಡಿಸಿ. ಮಿತಿ ಮೀರಿದ್ದರೆ ಅಪಘಾತವಾದಾಗ ವಿಮೆಯವರು ಮೊದಲು ಕೇಳುವ ಪ್ರಶ್ನೆ ಅದೇ ಆಗಬಹುದು.

ಓಡುವ ಕ್ಯಾರವಾನ್ ಒಳಗೆ ಮನುಷ್ಯರು ಕೂರುವುದು ಕಾನೂನುಬಾಹಿರ. ನಾಯಿಯನ್ನೂ ಅಲ್ಲಿ ಬಿಡಬೇಡಿ. ಗಾಳಿಯಿಲ್ಲ, ಧೂಳು, ಬೀರುವಿನ ಬಾಗಿಲು ತೆರೆದು ಮೇಲೆ ಬಿದ್ದರೂ ಮುಂದೆ ಕೂತ ನಿಮಗೆ ತಿಳಿಯುವುದಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಎದೆಪಟ್ಟಿ ಹಾಕಿ ಸೀಟ್ ಬೆಲ್ಟ್‌ಗೆ ಸಿಕ್ಕಿಸಿ. ತೊಡೆಯ ಮೇಲೆ ನಾಯಿ ಕೂರಿಸಿಕೊಂಡು ಓಡಿಸಿದರೆ ದಂಡ.

ಕ್ಯಾರವಾನ್ ಕೊಳ್ಳುವಾಗ ಎಲ್ಲರೂ ನೋಡುವುದು ಒಲೆ, ಹಾಸಿಗೆ, ಶೌಚಾಲಯ. ನೀವು ನೆಲ ನೋಡಿ. ರಾತ್ರಿ ಎಲ್ಲ ಮುಚ್ಚಿದ ಮೇಲೆ ಲ್ಯಾಬ್ರಡಾರ್ ಉದ್ದಕ್ಕೆ ಕಾಲು ಚಾಚಲು ಜಾಗ ಎಲ್ಲಿದೆ? ನಮ್ಮ 18 ಅಡಿ ಗಾಡಿಯಲ್ಲಿ ಅದು ಹಾಸಿಗೆ ಮತ್ತು ಶೌಚಾಲಯದ ನಡುವಿನ ಓಣಿ. ನಡುರಾತ್ರಿ ಎದ್ದವರು ಪುಟ್ಟಿಯ ಬಾಲವನ್ನು ಮೊದಲು ಕಾಲ್ಬೆರಳಿನಿಂದ ತಡವಿ, ಅವಳು ನಿಟ್ಟುಸಿರು ಬಿಟ್ಟು ಹೊರಳಿದ ಮೇಲೆ ಹೆಜ್ಜೆ ಇಡಬೇಕು. ಸ್ನಾನದ ಮೂಲೆ ಇರುವ ಗಾಡಿಯೇ ಇರಲಿ. ಅದರಲ್ಲಿ ನೀವು ಮೀಯುವುದಕ್ಕಿಂತ ನಾಯಿಯ ಕಾಲು ತೊಳೆಯುವುದೇ ಹೆಚ್ಚು.

ಕ್ಯಾಂಪರ್ ಟ್ರೇಲರ್ ಅಗ್ಗ, ಹಗುರ, ಡೀಸೆಲ್ ಉಳಿತಾಯ. ಆದರೆ ಬಟ್ಟೆಯ ಗೋಡೆಯಾಚೆ ಪೊಸಮ್ ಓಡಿದ ಸದ್ದು ಭೀಮನಿಗೆ ಕೇಳಿದರೆ ಇಡೀ ಶಿಬಿರಕ್ಕೆ ಭೀಮನ ಸದ್ದು ಕೇಳುತ್ತದೆ. ಬೊಗಳದ ನಾಯಿ ಇದ್ದವರು ಯೋಚಿಸಬಹುದು. ಅಂಥ ನಾಯಿ ನನಗೆ ಇನ್ನೂ ಸಿಕ್ಕಿಲ್ಲ.

ದಾರಿ

ಇಲ್ಲಿಯೇ ಪ್ರವಾಸ ಗೆಲ್ಲುವುದು ಅಥವಾ ಸೋಲುವುದು. ಮೆಲ್ಬರ್ನ್‌ನಿಂದ ಬೆಚ್ಚನೆಯ ಕಡೆಗೆ ಮೂರು ಹಾದಿಗಳಿವೆ: ಪೂರ್ವದ ಕರಾವಳಿ, ಕ್ವೀನ್ಸ್‌ಲ್ಯಾಂಡ್‌ನ ಒಳನಾಡು, ನಡುಭಾಗದ ಸ್ಟುವರ್ಟ್ ಹೆದ್ದಾರಿ. ಪಶ್ಚಿಮ ಕರಾವಳಿ ಪರ್ತ್‌ನವರಿಗೆ ಸಹಜ. ನಮಗೆ ನಲ್ಲಾರ್ಬರ್ ಬಯಲು ದಾಟಿ ಹೋಗಬೇಕಾದ್ದರಿಂದ ಎರಡು ತಿಂಗಳ ರಜೆಗೆ ಅದು ಹಿಡಿಸುವುದಿಲ್ಲ. ಬಿಟ್ಟುಬಿಡೋಣ.

ಎಲ್ಲಕ್ಕೂ ಮುಂಚೆ ಒಂದು ನಿಯಮ ತಿಳಿದಿರಲಿ. ವಿಕ್ಟೋರಿಯ, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್, ಉತ್ತರ ಪ್ರಾಂತ್ಯ, ಎಲ್ಲಿಯೇ ಆಗಲಿ ರಾಷ್ಟ್ರೀಯ ಉದ್ಯಾನಗಳ ಒಳಗೆ ಸಾಕುನಾಯಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಹಗ್ಗ ಕಟ್ಟಿದ್ದರೂ ಇಲ್ಲ, ಕಾರಿನೊಳಗೇ ಕೂರಿಸುತ್ತೇವೆ ಎಂದರೂ ಹೆಚ್ಚಿನ ಕಡೆ ಇಲ್ಲ. ನಾಯಿಯ ವಾಸನೆಗೇ ಕಾಡುಜೀವಿಗಳು ದೂರ ಸರಿಯುತ್ತವೆ ಎಂಬುದು ಒಂದು ಕಾರಣ. ಸರ್ಕಾರಿ ಅರಣ್ಯಗಳ ಕಥೆ ಬೇರೆ, ಅಲ್ಲಿ ಬಹಳ ಕಡೆ ಬಿಡುತ್ತಾರೆ. ನಕ್ಷೆಯಲ್ಲಿ ಎರಡೂ ಹಸಿರಾಗಿಯೇ ಕಾಣುವುದರಿಂದ ಹೆಸರು ಓದಿಕೊಳ್ಳಬೇಕು.

ಈ ನಿಯಮವನ್ನು ಮುಂದಿಟ್ಟುಕೊಂಡು ಸ್ಟುವರ್ಟ್ ಹೆದ್ದಾರಿಯನ್ನು ನೋಡಿ. ಪೋರ್ಟ್ ಅಗಸ್ಟಾದಿಂದ ಡಾರ್ವಿನ್‌ಗೆ 2,700 ಕಿ.ಮೀ.ಗೂ ಮಿಕ್ಕ ರಸ್ತೆ, ಮೆಲ್ಬರ್ನ್‌ನಿಂದ ಲೆಕ್ಕ ಹಾಕಿದರೆ 3,700 ಚಿಲ್ಲರೆ. ಜನ ಅಷ್ಟು ದೂರ ಹೋಗುವುದು ಯಾತಕ್ಕೆ? ಉಲುರು, ಕಿಂಗ್ಸ್ ಕ್ಯಾನ್ಯನ್, ಕಕಾಡು. ಮೂರೂ ರಾಷ್ಟ್ರೀಯ ಉದ್ಯಾನಗಳು. ನಾನು ವಾಹನ ನಿಲ್ದಾಣದಲ್ಲಿ ಕುಳಿತಿದ್ದೆ ಎಂದೆನಲ್ಲ, ಅದು ಈ ದಾರಿಯ ಪ್ರಸಾದ. ಬೆಳಗ್ಗೆ ನಮ್ಮವರು ಉಲುರು ಬಂಡೆಯ ಸುತ್ತ ನಡೆದು ಬಂದರು, ಮಧ್ಯಾಹ್ನ ನಾನು ಹೋದೆ. ಒಬ್ಬರು ನೋಡಿದ್ದನ್ನು ಇನ್ನೊಬ್ಬರಿಗೆ ಮೊಬೈಲ್‌ನಲ್ಲಿ ತೋರಿಸುವುದು. ಮೂವತ್ತು ವರ್ಷ ಜೊತೆಗಿದ್ದವರು ಆ ಕೆಂಪು ಬಂಡೆಯೆದುರು ಒಟ್ಟಿಗೆ ನಿಂತ ಒಂದು ಫೋಟೋ ಇಲ್ಲ. ದಾರಿಯ ಕೆಲವು ಊರುಗಳಲ್ಲಿ ಹಗಲು ಹೊತ್ತು ನಾಯಿ ಇಟ್ಟುಕೊಳ್ಳುವವರು ಸಿಗುತ್ತಾರೆ, ಆದರೆ ಜುಲೈನಲ್ಲಿ ಎಲ್ಲರೂ ಅವರನ್ನೇ ಹುಡುಕುತ್ತಿರುತ್ತಾರೆ.

ಈ ದಾರಿಯ ಇನ್ನೊಂದು ಮೋಸ ಚಳಿ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಜುಲೈ ಮಧ್ಯಾಹ್ನ 20 ಡಿಗ್ರಿ ಹಿತವಾಗಿದ್ದರೂ ರಾತ್ರಿ ಸರಾಸರಿ 4ಕ್ಕೆ ಇಳಿಯುತ್ತದೆ, ಕೆಲವು ರಾತ್ರಿ ಸೊನ್ನೆಗೂ ಕೆಳಗೆ. ಮೆಲ್ಬರ್ನ್ ಚಳಿ ಸಾಕಾಯಿತೆಂದು ಹೊರಟು 2,000 ಕಿ.ಮೀ. ದಾಟಿ ಅದಕ್ಕಿಂತ ಹೆಚ್ಚು ನಡುಗುವುದು. ಕ್ಯಾಥರಿನ್ ತಲುಪಿದ ಮೇಲೆಯೇ ನಿಜವಾದ ಬಿಸಿಲು. ಡಾರ್ವಿನ್ ಅಂತೂ ನಮ್ಮ ಮಂಗಳೂರಿನ ಜನವರಿಯಂತೆ, 30 ಡಿಗ್ರಿ, ಆಕಾಶದಲ್ಲಿ ಮೋಡದ ಚೂರಿಲ್ಲ. ಅಲ್ಲಿಯೇ ಒಂದು ತಿಂಗಳು ತಳವೂರುತ್ತೇವೆ, ಬಂಡೆಗಿಂಡೆ ಬೇಡ ಎನ್ನುವವರಿಗೆ ಈ ದಾರಿ ಸರಿ. ಊರಿಂದೂರಿಗೆ ಪಶುವೈದ್ಯರು ನೂರಾರು ಕಿ.ಮೀ. ದೂರ ಎಂಬುದು ನೆನಪಿರಲಿ. 53 ಮೀಟರ್ ಉದ್ದದ ರೋಡ್ ಟ್ರೇನ್ ಲಾರಿಗಳು ಪಕ್ಕದಲ್ಲಿ ಹಾದಾಗ ಕ್ಯಾರವಾನ್ ಒಮ್ಮೆ ತೂಗಿ ನಿಲ್ಲುತ್ತದೆ. ಪುಟ್ಟಿ ಆಗೆಲ್ಲ ಸೀಟಿನ ಕೆಳಗೆ ತಲೆ ತೂರಿಸುತ್ತಿದ್ದಳು.

ಪೂರ್ವ ಕರಾವಳಿ ಇದಕ್ಕೆ ತದ್ವಿರುದ್ಧ. ಬ್ರಿಸ್ಬೇನ್‌ನಿಂದ ಕೇರ್ನ್ಸ್‌ಗೆ ಬ್ರೂಸ್ ಹೆದ್ದಾರಿ ಸುಮಾರು 1,700 ಕಿ.ಮೀ., ಉದ್ದಕ್ಕೂ ಊರುಗಳು, ಪಶುವೈದ್ಯರು, ಅಂಗಡಿಗಳು. ದೊಡ್ಡ ಊರುಗಳಲ್ಲಿ ಕರಿಬೇವೂ ಸಿಗುತ್ತದೆ. ಟೌನ್ಸ್‌ವಿಲ್‌ನಲ್ಲಿ ಜುಲೈ ಹಗಲು 25, ರಾತ್ರಿ 14. ಕೇರ್ನ್ಸ್ ಇನ್ನೊಂದಿಷ್ಟು ಬೆಚ್ಚಗೆ. ನಗರಸಭೆಗಳು ನಾಯಿಗಳಿಗೆಂದೇ ಬಿಟ್ಟ ಕಡಲತೀರಗಳಿವೆ. ಮರಳಿನಲ್ಲಿ ಭೀಮ ಓಡುವುದನ್ನು ನೋಡುವುದಕ್ಕಾದರೂ ಒಮ್ಮೆ ಹೋಗಬೇಕು. ಕೆ’ಗಾರಿ ದ್ವೀಪದ ಆಸೆ ಮಾತ್ರ ಬಿಡಿ, ಡಿಂಗೋ ಎಂಬ ಕಾಡುನಾಯಿಗಳಿರುವ ಆ ದ್ವೀಪಕ್ಕೆ ಸಾಕುನಾಯಿ ನಿಷಿದ್ಧ.

ಆದರೆ ಕರಾವಳಿಯಲ್ಲಿ ಹೆಗಲ ಮೇಲೆ ಕೂತ ಭಯ ಎರಡು. ಒಂದು ಉಣುಗು. ಮಲೆನಾಡಿನವರಿಗೆ ಮಂಗನ ಕಾಯಿಲೆಯಿಂದ ಉಣುಗಿನ ಮೇಲೆ ಗೌರವವಿದೆ. ಇಲ್ಲಿಯದು ಬೇರೆ ಜಾತಿ, ಕಚ್ಚಿದ ನಾಯಿಗೆ ಪಾರ್ಶ್ವವಾಯು ತರಿಸುತ್ತದೆ. ವಿಕ್ಟೋರಿಯದ ಪೂರ್ವ ತುದಿಯಿಂದ ಉತ್ತರ ಕ್ವೀನ್ಸ್‌ಲ್ಯಾಂಡ್‌ವರೆಗೆ ಕಡಲಿಗೆ ಅಂಟಿದ ಪಟ್ಟಿಯಲ್ಲಿ ಇದರ ವಾಸ. ಮೊದಲು ಬೊಗಳುವ ದನಿ ಬದಲಾಗುತ್ತದೆ, ಆಮೇಲೆ ಹಿಂಗಾಲು ತೊಡರುತ್ತದೆ, ಕೊನೆಗೆ ಉಸಿರು. ಉಣುಗನ್ನು ಕಿತ್ತು ಹಾಕಿದ ಮೇಲೂ ನಂಜು ಏರುತ್ತಲೇ ಇರುತ್ತದೆ, ಆದ್ದರಿಂದ ಕಿತ್ತೆವು ಎಂದು ನೆಮ್ಮದಿಯಾಗಿ ಕೂರದೆ ಪಶುವೈದ್ಯರ ಬಳಿ ಓಡಬೇಕು, ಪ್ರತಿವಿಷವಿದೆ. ಹೊರಡುವ ಮುನ್ನವೇ ಉಣುಗು ತಡೆಯುವ ಮಾತ್ರೆ ತಿನ್ನಿಸಿ, ಅಷ್ಟಾದರೂ ಪ್ರತಿ ಸಂಜೆ ಬೆರಳಿನಿಂದ ಇಡೀ ಮೈ ತಡವಿ. ಕಿವಿಯ ಮಡಿಕೆ, ಕೊರಳಪಟ್ಟಿಯ ಕೆಳಗೆ, ಕಾಲ್ಬೆರಳ ಸಂದು, ತುಟಿಯ ಒಳಬದಿ. ಕಾಳುಮೆಣಸಿನಂಥದ್ದು ಬೆರಳಿಗೆ ಸಿಕ್ಕರೆ ಅದೇ. ಚಳಿಗಾಲದಲ್ಲಿ ಕಾಟ ಕಡಿಮೆ, ವಸಂತದಲ್ಲಿ ಹೆಚ್ಚು. ಉತ್ತರದ ತುದಿಯಲ್ಲಿ ಮಾತ್ರ ವರ್ಷವಿಡೀ.

ಎರಡನೆಯದು ಮೊಸಳೆ. ಗ್ಲಾಡ್‌ಸ್ಟೋನ್ ದಾಟಿದ ಮೇಲೆ ಉಪ್ಪುನೀರಿನ ಮೊಸಳೆಯ ರಾಜ್ಯ. ಹೊಳೆ, ಅಳಿವೆ, ಕೆಲವೊಮ್ಮೆ ಕಡಲತೀರ. ನೀರಿನ ಅಂಚಿನಲ್ಲಿ ಆಡುವ ನಾಯಿ ಅದಕ್ಕೆ ಕರೆದು ಬಡಿಸಿದ ಊಟ. ಫಲಕವಿಲ್ಲದಿದ್ದರೆ ಮೊಸಳೆಯಿಲ್ಲ ಎಂದರ್ಥವಲ್ಲ. ನೀರು ಕಂಡರೆ ಹಾರುವ ಲ್ಯಾಬ್ರಡಾರ್ ಇದ್ದವರಿಗೆ ಇದು ದೊಡ್ಡ ತೂಕದ ಮಾತು. ಉತ್ತರದ ಹೊಳೆದಂಡೆಯಲ್ಲಿ ಪುಟ್ಟಿಯ ಹಗ್ಗವನ್ನು ನಾನು ಎರಡು ಸುತ್ತು ಕೈಗೆ ಸುತ್ತಿಕೊಳ್ಳುತ್ತೇನೆ.

ಸಣ್ಣದೊಂದು ಎಚ್ಚರ: ಬಂಡಾಬರ್ಗ್ ಸುತ್ತ ಮಕಡೇಮಿಯ ತೋಟಗಳು ಬಹಳ. ಆ ಬೀಜ ನಮಗೆ ಗೋಡಂಬಿಯ ತಂಗಿ, ನಾಯಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿಯೂ ಹಾಗೆಯೇ, ಅಂದರೆ ನಿಮ್ಮ ಹುಳಿಯನ್ನ, ಕೇಸರಿಬಾತಿನ ತಟ್ಟೆ ನೆಕ್ಕಲು ಕೊಡಬೇಡಿ. ಮೊಸರನ್ನ ಕೊಡಿ, ಒಗ್ಗರಣೆ ಇಲ್ಲದ್ದು.

ಇನ್ನು ನನ್ನ ಮೆಚ್ಚಿನ ದಾರಿ, ಒಳನಾಡು. ಟೊಕಮ್ವಾಲ್ ಬಳಿ ಮರ್ರೆ ನದಿ ದಾಟಿದರೆ ನ್ಯೂವೆಲ್ ಹೆದ್ದಾರಿ. ಸುಮಾರು 1,060 ಕಿ.ಮೀ. ನೇರ ಉತ್ತರಕ್ಕೆ ಹೋಗಿ ಗುಂಡಿವಿಂಡಿಯಲ್ಲಿ ಕ್ವೀನ್ಸ್‌ಲ್ಯಾಂಡ್‌ಗೆ ಒಪ್ಪಿಸುತ್ತದೆ. ಅಲ್ಲಿಂದ ರೋಮಾ, ಆಗತೆಲ್ಲಾ, ಬ್ಲಾಕಾಲ್, ಬಾರ್ಕಾಲ್ಡಿನ್, ಲಾಂಗ್‌ರೀಚ್. ಮನೆಯಿಂದ ಲಾಂಗ್‌ರೀಚ್‌ಗೆ ಒಟ್ಟು 2,300 ಕಿ.ಮೀ. ಆಸುಪಾಸು. 2.2 ಟನ್ ಕ್ಯಾರವಾನ್ ಎಳೆಯುವಾಗ ನಮ್ಮ ಕಾರು 100 ಕಿ.ಮೀ.ಗೆ 17 ಲೀಟರ್ ಡೀಸೆಲ್ ಕುಡಿಯುತ್ತದೆ. ಒಂದು ಬದಿಗೆ 390 ಲೀಟರ್ ಬೇಕಾಯಿತು. ಡಾರ್ವಿನ್‌ಗೆ ಅದೇ ಲೆಕ್ಕದಲ್ಲಿ 640.

ಈ ದಾರಿಯಲ್ಲಿ ನೋಡುವಂಥದ್ದರಲ್ಲಿ ಹೆಚ್ಚಿನದು ಊರ ನಡುವೆ, ಬಯಲಿನಲ್ಲಿ, ಬೇಲಿಯಾಚೆಗೆ ಇದೆ. ನಾಯಿಯವರಿಗೆ ಇದಕ್ಕಿಂತ ಏನು ಬೇಕು? ಬಾರ್ಕಾಲ್ಡಿನ್‌ನ ರೈಲು ನಿಲ್ದಾಣದ ಎದುರು ‘ಅರಿವಿನ ಮರ’ ನಿಂತಿದೆ. 1891ರಲ್ಲಿ ಕುರಿ ಉಣ್ಣೆ ಕತ್ತರಿಸುವ ಕಾರ್ಮಿಕರು ಮುಷ್ಕರ ಹೂಡಿ ಸೇರುತ್ತಿದ್ದದ್ದು ಇದರಡಿ. 2006ರಲ್ಲಿ ಯಾರೋ ವಿಷವಿಟ್ಟು ಕೊಂದರು. ಈಗ ಸತ್ತ ಕಾಂಡದ ಮೇಲೆ ಸಾವಿರಾರು ಮರದ ತುಂಡುಗಳನ್ನು ಇಳಿಬಿಟ್ಟು ಎಲೆಗೊಡೆಯಂತೆ ಮಾಡಿದ್ದಾರೆ, ಗಾಳಿ ಬಂದರೆ ತಟಪಟ ಸದ್ದು. ನಾವು ನಾಲ್ವರೂ ಒಟ್ಟಿಗೆ ಅದರಡಿ ನಿಂತೆವು. ಕ್ವಾಂಟಸ್ ವಿಮಾನ ಸಂಸ್ಥೆ 1920ರಲ್ಲಿ ಹುಟ್ಟಿದ್ದು ಇದೇ ಸೀಮೆಯ ವಿಂಟನ್‌ನಲ್ಲಿ. ಅದರ ವಸ್ತುಸಂಗ್ರಹಾಲಯ ಲಾಂಗ್‌ರೀಚ್‌ನಲ್ಲಿದ್ದು, ಅಲ್ಲಿನ ದೊಡ್ಡ ವಿಮಾನಗಳು ರಸ್ತೆಯಿಂದಲೇ ಕಾಣುತ್ತವೆ. ಪಾರ್ಕ್ಸ್‌ನ ರೇಡಿಯೊ ದೂರದರ್ಶಕವೂ ಹಾಗೆಯೇ, 64 ಮೀಟರ್ ಅಗಲದ ತಟ್ಟೆ. 1969ರಲ್ಲಿ ಚಂದ್ರನ ಮೇಲೆ ನಡೆದವರ ಚಿತ್ರಗಳನ್ನು ಹಿಡಿದದ್ದು. ಹೊಲದ ನಡುವೆ ದೂರದಿಂದಲೇ ಕಾಣುತ್ತದೆ.

ಚಳಿಯ ವಿಷಯದಲ್ಲಿ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ. ಲಾಂಗ್‌ರೀಚ್ ಮಕರ ಸಂಕ್ರಾಂತಿ ವೃತ್ತದ ಪಕ್ಕದಲ್ಲೇ ಇದ್ದರೂ ಜುಲೈ ರಾತ್ರಿ 7 ಡಿಗ್ರಿ ಆಜುಬಾಜು, ಅಂದರೆ ಹೆಚ್ಚುಕಡಿಮೆ ಮೆಲ್ಬರ್ನ್‌ನಷ್ಟೇ. ವ್ಯತ್ಯಾಸವೆಲ್ಲ ಹಗಲಿನಲ್ಲಿ: 23, 24 ಡಿಗ್ರಿ, ಒಣ ಗಾಳಿ, ಬೆಳಗಿನಿಂದ ಸಂಜೆಯವರೆಗೆ ತಡೆಯಿಲ್ಲದ ಬಿಸಿಲು. ಸಂಧಿವಾತದ ಪುಟ್ಟಿ ಹಗಲೆಲ್ಲ ಚಾಪೆಯ ಮೇಲೆ ಬೆಚ್ಚಗೆ ಮಲಗಿ, ಸಂಜೆ ಮರಿಯಂತೆ ನಡೆಯುತ್ತಿದ್ದಳು. ರಾತ್ರಿಯೂ ಬೆಚ್ಚಗಿರಬೇಕು ಎನ್ನುವವರು ಕ್ಲಾನ್‌ಕರಿ ದಾಟಿ ಕಾರ್ಪೆಂಟೇರಿಯ ಕೊಲ್ಲಿಯ ಕರುಂಬಕ್ಕೆ ಹೋಗಬೇಕು, ಇನ್ನೂ 1,000 ಕಿ.ಮೀ. ಹತ್ತಿರ. ಅಲ್ಲಿ ಸೂರ್ಯಾಸ್ತ ಸೊಗಸು, ಮೀನು ಹೇರಳ, ಮೊಸಳೆಯೂ ಹೇರಳ.

ಒಳನಾಡಿನ ಶತ್ರು ನೆಲದಲ್ಲಿದೆ. ಮೊದಲನೆಯದು ಮುಳ್ಳು. ನಮ್ಮ ಹೊಲಗಳ ನೆಗ್ಗಿಲ ಮುಳ್ಳು ಇಲ್ಲಿಯೂ ಇದೆ, ಅದರ ದಾಯಾದಿಗಳೂ ಇವೆ. ಬ್ಲಾಕಾಲ್ ಹತ್ತಿರ ಒಂದು ಸಂಜೆ ಭೀಮ ಗಾಡಿಯಿಂದ ಹಾರಿ ನಾಲ್ಕು ಹೆಜ್ಜೆ ಇಟ್ಟವನು ಐದನೆಯದಕ್ಕೆ ಮೂರು ಕಾಲಿನಲ್ಲಿ ನಿಂತ. ಮಡಿಲಲ್ಲಿ ಮಲಗಿಸಿಕೊಂಡು ನಮ್ಮವರು ಟಾರ್ಚ್ ಹಿಡಿದರು, ನಾನು ಹುಬ್ಬಿನ ಚಿಮಟ ತೆಗೆದುಕೊಂಡೆ. ಒಂದೊಂದೇ ಬೆರಳ ಸಂದು ಬಿಡಿಸಿ ನೋಡಿದರೆ ಬಿಳಿ ಕೂದಲೊಳಗೆ ಮುಳ್ಳಿನ ತುದಿ ಮಾತ್ರ ಕಾಣುತ್ತದೆ. ಅಡ್ಡಕ್ಕೆ ಎಳೆದರೆ ಮುರಿಯುತ್ತದೆ, ಹೊಕ್ಕ ದಾರಿಯಲ್ಲೇ ನೇರ ಹೊರಕ್ಕೆ ಎಳೆಯಬೇಕು. ಚಹಾದ ತಟ್ಟೆಗೆ ಹಾಕುತ್ತ ಎಣಿಸಿದೆ, ಹನ್ನೊಂದು. ಇನ್ನೂ ಕೆಟ್ಟದ್ದು ಸೂಜಿಯಂಥ ಹುಲ್ಲಿನ ಬೀಜ. ಅದು ಚರ್ಮ ಹೊಕ್ಕು ಮುಂದೆಯೇ ಸಾಗುತ್ತದೆ, ಹಿಂದೆ ಬರುವುದಿಲ್ಲ. ಕಿವಿಗೆ ಹೋದರೆ ಅರಿವಳಿಕೆ ಕೊಟ್ಟು ತೆಗೆಸಬೇಕು. ಉದ್ದ ಕೂದಲಿನ ನಾಯಿಯ ಪಾದದ ಕೂದಲನ್ನು ಹೊರಡುವ ಮುನ್ನ ಬೋಳಿಸಿಬಿಡಿ.

ಎರಡನೆಯದು ತಮಾಷೆಯಲ್ಲ. ಕಾಡುನಾಯಿ, ನರಿಗಳನ್ನು ಕೊಲ್ಲಲು ಜಮೀನುದಾರರು 1080 ಎಂಬ ವಿಷ ಸೇರಿಸಿದ ಮಾಂಸದ ತುಂಡುಗಳನ್ನು ಇಡುತ್ತಾರೆ. ನಾಯಿಗೆ ತೀರ ಸಣ್ಣ ಪ್ರಮಾಣವೂ ಮಾರಕ, ಪ್ರತಿವಿಷವಿಲ್ಲ. ಗೇಟಿನ ಮೇಲೆ, ಬೇಲಿಯ ಮೇಲೆ ಫಲಕ ಹಾಕಿರುತ್ತಾರೆ. ಆದರೆ ಹದ್ದು, ಕಾಗೆಗಳು ತುಂಡನ್ನು ಕಚ್ಚಿ ಒಯ್ದು ಎಲ್ಲೋ ಬೀಳಿಸುವುದನ್ನು ಫಲಕ ತಡೆಯುವುದಿಲ್ಲ. ಹೆದ್ದಾರಿ ಬದಿಯ ವಿಶ್ರಾಂತಿ ತಾಣಗಳಲ್ಲಿ ನಾವು ಎರಡಕ್ಕೂ ಬಾಯಿಕುಕ್ಕೆ ಹಾಕುತ್ತೇವೆ, ಕಣ ತುಳಿಯುವ ಎತ್ತಿಗೆ ಹಾಕುತ್ತಿದ್ದರಲ್ಲ, ಅಂಥದ್ದೇ, ಪ್ಲಾಸ್ಟಿಕ್ಕಿನದು. ಉಸಿರಾಡಬಹುದು, ನೀರು ಕುಡಿಯಬಹುದು, ನೆಲದಲ್ಲಿ ಬಿದ್ದಿದ್ದನ್ನು ತಿನ್ನಲಾಗುವುದಿಲ್ಲ. ಲ್ಯಾಬ್ರಡಾರ್ ಸಾಕಿದವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಉತ್ತರಕ್ಕೆ ಯಾವ ದಾರಿಯಲ್ಲಿ ಹೋದರೂ ಹೃದಯಹುಳದ ತಡೆಮದ್ದು ತಪ್ಪಿಸಬೇಡಿ, ಅದು ಸೊಳ್ಳೆಯಿಂದ ಬರುವಂಥದ್ದು. ಉತ್ತರ ಪ್ರಾಂತ್ಯ ಅಥವಾ ಪಶ್ಚಿಮದ ಕಿಂಬರ್ಲಿಯ ಕಡೆ ಹೋಗುವವರು ಎರ್ಲಿಕಿಯ ಕಾಯಿಲೆಯ ಬಗ್ಗೆ ಪಶುವೈದ್ಯರನ್ನು ವಿಚಾರಿಸಬೇಕು. ಕಂದು ಉಣುಗಿನಿಂದ ಹರಡುವ ಇದು 2020ರಲ್ಲಿ ಅಲ್ಲಿ ಪತ್ತೆಯಾಯಿತು. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೇನ್ ಟೋಡ್ ಎಂಬ ವಿಷಗಪ್ಪೆಯಿದೆ, 1935ರಲ್ಲಿ ಕಬ್ಬಿನ ಹುಳ ತಿನ್ನಲೆಂದು ತಂದುಬಿಟ್ಟದ್ದು. ಹುಳ ಹಾಗೆಯೇ ಉಳಿಯಿತು, ಕಪ್ಪೆ ಉತ್ತರದುದ್ದಕ್ಕೂ ಹಬ್ಬಿತು. ನಾಯಿ ಅದಕ್ಕೆ ಬಾಯಿ ಹಾಕಿದರೆ ಒದ್ದೆ ಬಟ್ಟೆಯಿಂದ ವಸಡು, ನಾಲಿಗೆ ಒರೆಸಿ ಒರೆಸಿ ತೆಗೆಯಬೇಕು.

ರಾತ್ರಿ ಎಲ್ಲಿ

ಕ್ಯಾರವಾನ್ ಪಾರ್ಕ್, ಊರ ಶೋಗ್ರೌಂಡ್, ಹೆದ್ದಾರಿ ಬದಿಯ ಉಚಿತ ತಾಣ. ನನ್ನ ಓಟು ಶೋಗ್ರೌಂಡ್‌ಗೆ. ವರ್ಷಕ್ಕೊಮ್ಮೆ ಕೃಷಿಮೇಳ ನಡೆಯುವ ಈ ಮೈದಾನಗಳನ್ನು ಉಳಿದ ದಿನ ಪ್ರವಾಸಿಗರಿಗೆ ಕಡಿಮೆ ದರಕ್ಕೆ ಬಿಡುತ್ತಾರೆ. ವಿದ್ಯುತ್, ನೀರು, ಬಿಸಿನೀರಿನ ಸ್ನಾನ ಇರುತ್ತದೆ. ಕುದುರೆ, ದನ ಬರುವ ಜಾಗವಾದ್ದರಿಂದ ನಾಯಿಯ ಬಗ್ಗೆ ಯಾರೂ ಮೂಗು ಮುರಿಯುವುದಿಲ್ಲ. ಮುಳ್ಳು ಮಾತ್ರ ಖಾತ್ರಿ.

ಕ್ಯಾರವಾನ್ ಪಾರ್ಕ್‌ಗಳಲ್ಲಿ ಹುಲ್ಲು ಚೆನ್ನ, ನಿಯಮ ಜಾಸ್ತಿ. ಹೆಚ್ಚಿನ ಕಡೆ ನಾಯಿಯನ್ನು ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ, ಶಾಲಾ ರಜೆಯಲ್ಲಿ ಕೆಲವರು ನಾಯಿಯನ್ನೇ ಸೇರಿಸುವುದಿಲ್ಲ. ಕರಾವಳಿಯ ಒಂದು ಪಾರ್ಕ್‌ನಲ್ಲಿ ಫೋನಿನಲ್ಲಿ ಎರಡು ನಾಯಿಗೆ ಒಪ್ಪಿ ಮುಂಗಡ ಪಡೆದವರು, ಸಂಜೆ ಐದಕ್ಕೆ ನಾವು ತಲುಪಿದಾಗ ಪುಟ್ಟಿಯನ್ನು ಕಿಟಕಿಯಿಂದ ನೋಡಿ, ‘ಸಣ್ಣ ನಾಯಿ ಒಂದಕ್ಕೆ ಮಾತ್ರ’ ಎಂದರು. ಮುಸ್ಸಂಜೆಯಲ್ಲಿ ಕಾಂಗರೂಗಳು ರಸ್ತೆಗಿಳಿಯುವ ಹೊತ್ತಿಗೆ ಇನ್ನೂ 60 ಕಿ.ಮೀ. ಓಡಿಸಬೇಕಾಯಿತು. ಅಂದಿನಿಂದ ನಾಯಿಗಳ ತಳಿ, ತೂಕ, ಸಂಖ್ಯೆ ಬರೆದು ಇಮೇಲ್‌ನಲ್ಲಿ ಉತ್ತರ ತರಿಸಿಕೊಳ್ಳದೆ ಹಣ ಕಟ್ಟುವುದಿಲ್ಲ.

ಉಚಿತ ತಾಣ ಒಂದು ರಾತ್ರಿಗೆ ಸರಿ. ಎರಡನೇ ರಾತ್ರಿಗೆ ನೀರು ಮುಗಿಯುತ್ತದೆ.

ಯಾವಾಗ

ಮೇ ಕೊನೆಗೆ ಹೊರಟರೆ ಜೂನ್ ಕೊನೆಯ ಶಾಲಾ ರಜೆಯ ನೂಕುನುಗ್ಗಲಿಗೆ ಮುಂಚೆಯೇ ನೆಲೆ ಹಿಡಿಯಬಹುದು. ಸೆಪ್ಟೆಂಬರ್ ಒಳಗೆ ವಾಪಸಾಗಿ. ಆಮೇಲೆ ಒಳನಾಡಿನಲ್ಲಿ ಬಿಸಿಲು, ಹಾವು, ಕರಾವಳಿಯಲ್ಲಿ ಉಣುಗು. ದಿನಕ್ಕೆ 300 ಕಿ.ಮೀ. ಮೀರಬೇಡಿ, ಎರಡು ಗಂಟೆಗೊಮ್ಮೆ ನಾಯಿ ಇಳಿಸಿ. ಹೊರಡುವ ಮುನ್ನ ಮೈಕ್ರೋಚಿಪ್ ದಾಖಲೆಯಲ್ಲಿರುವ ಮೊಬೈಲ್ ಸಂಖ್ಯೆ ಈಗಿನದೇ ಎಂದು ನೋಡಿಕೊಳ್ಳಿ. ನಮ್ಮದರಲ್ಲಿ ಐದು ವರ್ಷ ಹಳೆಯ ಸಂಖ್ಯೆಯಿತ್ತು.

ಈ ವರ್ಷ ಪುಟ್ಟಿಗೆ ಹದಿಮೂರು. ಎತ್ತಿ ಕಾರಿಗೆ ಹತ್ತಿಸಬೇಕು, ಒಂದೇ ಸಮ ಮೂರು ಗಂಟೆ ಕೂರಲಾರಳು. ಕರುಂಬ ಬೇಡವೆಂದಾಯಿತು, ಕರಾವಳಿಯ ನೂಕಾಟವೂ ಬೇಡ. ನ್ಯೂವೆಲ್ ಹೆದ್ದಾರಿಯಲ್ಲಿ ನಿಧಾನಕ್ಕೆ ಹೋಗಿ, ಲಾಂಗ್‌ರೀಚ್‌ಗಿಂತ ಈಚೆಗೇ ಒಂದು ಶೋಗ್ರೌಂಡ್‌ನಲ್ಲಿ ಆರು ವಾರ ಗಾಡಿ ನಿಲ್ಲಿಸುವುದೆಂದು ತೀರ್ಮಾನಿಸಿದ್ದೇವೆ. ನಮ್ಮವರು ಅವಳಿಗೆಂದು ಮಡಚುವ ಇಳಿಜಾರು ಹಲಗೆಯೊಂದನ್ನು ತಂದಿದ್ದಾರೆ, 8 ಕಿಲೋ ತೂಕ. ಅಷ್ಟಕ್ಕೆ ರಾಗಿಹಿಟ್ಟಿನಲ್ಲಿ ಎಷ್ಟು ಕಡಿಮೆ ಮಾಡುವುದು ಎಂಬ ಚರ್ಚೆ ನಡೆಯುತ್ತಿದೆ.